ಒಂದೇ ಗೂಡಿನ ಎರಡು ಮೊಲಗಳು



ನಿಮ್ಮ ಮನೆಯಲ್ಲಿ ಮೊಲ ಸಾಕಿದ್ದೀರಾ? ಸಾಕಿರದಿದ್ದರೂ ಪಕ್ಕದ ಮನೆಯಲ್ಲೋ ಎದುರು ಮನೆಯ ಮಹಡಿಯಲ್ಲೋ ನೋಡಿಯೇ ಇರುತ್ತೀರಿ. ರಾಜಾಜಿನಗರ, ವಿಜಯನಗರ, ಬಸವೇಶ್ವರನಗರಗಳ ಮೂವತ್ತು-ನಲವತ್ತರ ನಿವೇಶನಗಳಲ್ಲಿ ಇಂದು ಒಂದರ ಮೇಲೊಂದು ಮೂರು ಸಂಸಾರಗಳಿವೆ. ನಾಯಿ ಸಾಕಲು ಜಾಗವಿಲ್ಲ, ಬಾಡಿಗೆ ಮನೆಯಾದರೆ ಮಾಲೀಕರ ಒಪ್ಪಿಗೆಯೂ ಇಲ್ಲ. ಮೊಲವಾದರೆ ಬೊಗಳುವುದಿಲ್ಲ, ಬಾಲ್ಕನಿಯ ಮೂಲೆಯಲ್ಲಿ ಇದ್ದುಬಿಡುತ್ತದೆ ಎಂದು ಮಕ್ಕಳು ಹಟ ಹಿಡಿಯುತ್ತಾರೆ. ನಾವೂ ಕರಗುತ್ತೇವೆ. ಒಂದೇ ಇದ್ದರೆ ಕೊರಗುತ್ತದೆ ಎಂದು ಅಂಗಡಿಯವರು ಜೋಡಿಯನ್ನೇ ಕೊಡುತ್ತಾರೆ. ಅದು ಸುಳ್ಳೇನೂ ಅಲ್ಲ. ಮೊಲ ಗುಂಪಿನಲ್ಲಿ ಬಾಳುವ ಪ್ರಾಣಿ.

ನಮ್ಮ ಮನೆಗೂ ಎರಡು ಬಂದವು. ಮಗಳ ಪ್ರಥಮ ಪರಮಪ್ರಸಾದದ ದಿನ ಆಕೆಯ ಜ್ಞಾನತಾಯಿ ಕೈಗಿತ್ತ ಹಣದಲ್ಲಿ ಕೊಂಡದ್ದು. ಒಂದು ಬಿಳಿ, ಒಂದು ಕಂದು. ಮಗಳು ಹತ್ತಿ, ಬೆಲ್ಲ ಎಂದು ಹೆಸರಿಟ್ಟಳು. ಒಂದೇ ತಾಯಿಯ ಹೊಟ್ಟೆಯಲ್ಲಿ ಹುಟ್ಟಿದ ಎರಡು ಹೆಣ್ಣುಗಳು. ಒಂದೇ ತಟ್ಟೆಯಲ್ಲಿ ಕೊತ್ತಂಬರಿ ದಂಟು ತಿನ್ನುತ್ತಿದ್ದವು, ಒಂದರ ಹಣೆಯನ್ನು ಇನ್ನೊಂದು ನೆಕ್ಕುತ್ತಿತ್ತು, ಮಧ್ಯಾಹ್ನ ಎರಡೂ ಅಂಟಿಕೊಂಡು ಮಲಗಿದರೆ ಯಾವ ಕಿವಿ ಯಾರದೆಂದು ಹೇಳುವುದೇ ಕಷ್ಟ. ಅಡುಗೆಮನೆಯಿಂದ ಅವುಗಳನ್ನು ನೋಡುತ್ತಾ ನನ್ನ ಎರಡು ಮಕ್ಕಳಿಗೆ ಎಷ್ಟು ಸಲ ಹೇಳಿದ್ದೆನೋ, "ನೋಡಿ ಕಲಿತುಕೊಳ್ಳಿ" ಎಂದು.

ಐದನೆಯ ತಿಂಗಳಲ್ಲಿ ಒಂದು ಸಂಜೆ ಬಾಲ್ಕನಿಯಿಂದ ಧಡಧಡ ಸದ್ದು. ಹೋಗಿ ನೋಡಿದರೆ ಎರಡೂ ಒಂದರ ಬಾಲ ಒಂದು ಹಿಡಿಯುವಂತೆ ಗಿರಗಿರನೆ ಸುತ್ತುತ್ತಿವೆ, ರೋಮ ಗಾಳಿಯಲ್ಲಿ ಹಾರುತ್ತಿದೆ. ಕೈಹಾಕಿ ಬಿಡಿಸಲು ಹೋಗಿ ನನ್ನ ಬೆರಳಿಗೂ ಕಚ್ಚಿಸಿಕೊಂಡೆ. ಬೆಲ್ಲವನ್ನು ಬಕೆಟ್ಟಿನೊಳಗೆ ಇಟ್ಟೆ. ನಮ್ಮ ಅತ್ತೆ ಹೇಳಿದರು: "ಅಕ್ಕತಂಗಿಯರು ಕಣೇ, ಇವತ್ತು ಕಿತ್ತಾಡಿ ನಾಳೆ ಒಂದಾಗ್ತಾವೆ. ಬೇರೆ ಮಾಡಿದರೆ ಬೇರೆಯಾಗೇ ಉಳಿದುಬಿಡ್ತಾವೆ." ನನಗೂ ಹಾಗೆಯೇ ಅನ್ನಿಸಿತು. ಒಂದು ಗಂಟೆ ಬಿಟ್ಟು ಎರಡನ್ನೂ ಅದೇ ಗೂಡಿಗೆ ಹಾಕಿ, ಮೇಲೆ ಹಳೆಯ ಸೀರೆ ಹೊದಿಸಿ, ದೀಪ ಆರಿಸಿದೆ. ಸ್ವಲ್ಪ ಹೊತ್ತು ಸದ್ದಾಯಿತು, ಆಮೇಲೆ ಸುಮ್ಮನಾಯಿತು. ರಾಜಿಯಾಯಿತು ಎಂದುಕೊಂಡು ಮಲಗಿದೆ.

ಬೆಳಿಗ್ಗೆ ಹತ್ತಿಯ ಒಂದು ಕಿವಿ ಹರಿದಿತ್ತು. ಗೂಡಿನ ಮೂಲೆಗೆ ಒತ್ತಿಕೊಂಡು ಕುಳಿತಿತ್ತು, ಹುಲ್ಲು ಮುಟ್ಟಿರಲಿಲ್ಲ. ಹೊಟ್ಟೆಯ ಅಡಿಯಲ್ಲಿ ರೋಮದೊಳಗೆ ಇನ್ನೊಂದು ಗಾಯವಿದ್ದುದು ನನಗೆ ತಿಳಿದದ್ದು ಅದು ಕೀವುಗಟ್ಟಿದ ಮೇಲೆ. ಮಗಳು ಅಳಲಿಲ್ಲ. "ಅದು ಬೇಡ ಅಂತ ಓಡ್ತಿತ್ತಲ್ಲಮ್ಮ, ಯಾಕೆ ಮತ್ತೆ ಒಳಗೆ ಹಾಕಿದೆ?" ಎಂದಷ್ಟೇ ಕೇಳಿದಳು.

ಓದುಗರೇ, ಆ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ. ಒಟ್ಟಿಗೆ ಇರುವುದು ಒಳ್ಳೆಯದು ಎಂದು ನಂಬಿದ್ದೆ, ಈಗಲೂ ನಂಬಿದ್ದೇನೆ. ಆದರೆ ಅದು ಯಾರಿಗೆ ಒಳ್ಳೆಯದು? ಒಳಗಿರುವವರಿಗೋ, ಹೊರಗೆ ನಿಂತು ನೋಡುವವರಿಗೋ?

ಮೊದಲು ಮೊಲದ ವಿಷಯ ಹೇಳಿಬಿಡುತ್ತೇನೆ. ನಾನು ತಿಳಿಯದೆ ಮಾಡಿದ್ದನ್ನು ನೀವು ತಿಳಿದೂ ಮಾಡುವುದು ಬೇಡ. ನಾವು ಸಾಕುವ ಮೊಲ ನಮ್ಮ ಹೊಲಗದ್ದೆಗಳ ಕಾಡುಮೊಲವಲ್ಲ. ಕಾಡುಮೊಲ ಬಿಲ ತೋಡುವುದಿಲ್ಲ, ಹುಲ್ಲಿನ ಮರೆಯಲ್ಲೇ ಮಲಗಿ ಓಟವನ್ನೇ ನಂಬಿ ಬದುಕುತ್ತದೆ. ಅದನ್ನು ಹಿಡಿಯುವುದೂ ಸಾಕುವುದೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ. ಗೂಡಿನ ಮೊಲದ ಮೂಲ ಸ್ಪೇನ್, ಪೋರ್ಚುಗಲ್, ದಕ್ಷಿಣ ಫ್ರಾನ್ಸಿನ ಕಡೆ. ಅದು ನೆಲದಡಿ ಬಿಲಗಳನ್ನು ತೋಡಿ ಗುಂಪಾಗಿ ಬಾಳುತ್ತದೆ. ಅಂದಹಾಗೆ, ಅದನ್ನು ಮೊದಲು ಪಳಗಿಸಿದವರು ನಮ್ಮ ಸನ್ಯಾಸಿಗಳೇ, ಮೊಲದ ಎಳೆಮರಿ ಮಾಂಸವಲ್ಲವೆಂದು ತಪಸ್ಸುಕಾಲದಲ್ಲಿ ತಿನ್ನಲು ಜಗದ್ಗುರು ಮಹಾ ಗ್ರೆಗೋರಿಯವರು ಸುಮಾರು 600ರಲ್ಲಿ ಅನುಮತಿ ಕೊಟ್ಟರು ಎಂಬ ಕಥೆ ಎಷ್ಟೋ ಪುಸ್ತಕಗಳಲ್ಲಿದೆ. 2018ರಲ್ಲಿ ಆಕ್ಸ್‌ಫರ್ಡಿನ ಸಂಶೋಧಕರು ಹುಡುಕಿ ನೋಡಿದಾಗ ಅಂತಹ ಆಜ್ಞೆಯೇ ಇರಲಿಲ್ಲ. ಟೂರ್ಸ್ ಪಟ್ಟಣದ ಗ್ರೆಗೋರಿ ಎಂಬ ಇನ್ನೊಬ್ಬರು, ಒಬ್ಬಾತ ತಪಸ್ಸುಕಾಲದಲ್ಲಿ ಮೊಲದ ಮರಿ ತಿಂದನೆಂದು ಬರೆದಿದ್ದದ್ದನ್ನು ಯಾರೋ ಜಗದ್ಗುರುಗಳ ತಲೆಗೆ ಕಟ್ಟಿದ್ದರು. ಒಬ್ಬ ಗ್ರೆಗೋರಿಯ ಮಾತು ಇನ್ನೊಬ್ಬ ಗ್ರೆಗೋರಿಯ ಪಾಲಾಯಿತು!

ಮೂರರಿಂದ ಆರು ತಿಂಗಳೊಳಗೆ ಮೊಲ ಪ್ರಾಯಕ್ಕೆ ಬರುತ್ತದೆ. ಅಲ್ಲಿಯವರೆಗಿನ ಸ್ನೇಹ ಮರಿಗಳ ಸ್ನೇಹ. ಪ್ರಾಯಕ್ಕೆ ಬಂದ ಹೆಣ್ಣು ಬಿಲಕ್ಕಾಗಿ, ಗಂಡು ಹೆಣ್ಣಿಗಾಗಿ ಕಾದಾಡುತ್ತವೆ. ಒಡಹುಟ್ಟಿದವೆಂಬ ಲೆಕ್ಕ ಅವುಗಳಿಗಿಲ್ಲ. ವರ್ಷಗಟ್ಟಲೆ ಜೊತೆಗಿದ್ದವೂ ಕಾದಾಡುವುದುಂಟು. ಒಂದನ್ನು ಆಸ್ಪತ್ರೆಗೆ ಒಯ್ದು ತಂದರೆ ಅದರ ಮೈಗೆ ಅಂಟಿದ ಹೊಸ ವಾಸನೆಗೆ ಇನ್ನೊಂದು ಮೇಲೆ ಬೀಳುತ್ತದೆ. ಹಲ್ಲುನೋವು, ಹೊಟ್ಟೆನೋವು ಬಂದ ಮೊಲ ಹತ್ತಿರ ಬಂದವರನ್ನು ಕಚ್ಚುತ್ತದೆ. ಮಾರ್ಚ್ ಏಪ್ರಿಲ್‌ನಲ್ಲಿ ಶೀಟಿನ ಕೆಳಗಿನ ಬಾಲ್ಕನಿ ಕಾದು ಹೆಂಚಾದಾಗ, ದೀಪಾವಳಿಯ ಪಟಾಕಿಗೆ ಬೆದರಿದಾಗ ಕೂಡ. ಆದ್ದರಿಂದ ಜಗಳ ಕಂಡಾಗ ಯಾರ ತಪ್ಪು ಎಂದು ಹುಡುಕುವ ಮೊದಲು ಯಾರಿಗೆ ನೋವಿದೆ ಎಂದು ನೋಡಬೇಕಂತೆ. ಇದನ್ನು ಹೇಳಿದವರು ಹತ್ತಿಗೆ ಮದ್ದು ಮಾಡಿದ ಪಶುವೈದ್ಯರು.

ಅವರೇ ಹೇಳಿದ ಇನ್ನೊಂದು ಮಾತು ನನ್ನನ್ನು ಬಹಳ ದಿನ ಕಾಡಿತು. ಬಯಲಿನಲ್ಲಿಯೂ ಮೊಲಗಳು ಕಾದಾಡುತ್ತವೆ, ಆದರೆ ಅಲ್ಲಿ ಸೋತದ್ದಕ್ಕೆ ಓಡಿಹೋಗಲು ಜಾಗವಿದೆ. ಹತ್ತು ಮಾರು ಓಡಿದರೆ ಜಗಳ ಮುಗಿಯಿತು. ಗೂಡಿನಲ್ಲಿ ಸೋತದ್ದು ಓಡಿ ಓಡಿ ಗೆದ್ದದ್ದರ ಎದುರಿಗೇ ಬರುತ್ತದೆ. ಶರಣಾದರೂ ಗೆದ್ದದ್ದಕ್ಕೆ ಅದು ತಿಳಿಯುವುದಿಲ್ಲ. "ಕಚ್ಚಿದ್ದು ಮೊಲ ಅಮ್ಮಾ, ಬಾಗಿಲು ಹಾಕಿದ್ದು ನೀವು" ಎಂದರು.

ಹಾಗಾದರೆ ಏನು ಮಾಡಬೇಕು? ಕೈಹಾಕಬೇಡಿ, ದಪ್ಪ ಟವೆಲ್ ಎಸೆಯಿರಿ, ಇಲ್ಲವೇ ನಡುವೆ ಒಂದು ಮೊರವನ್ನೋ ದಪ್ಪ ರಟ್ಟನ್ನೋ ಇಳಿಸಿ. ಕೂಡಲೇ ಬೇರೆ ಮಾಡಿ. ರೋಮ ಸರಿಸಿ ಮೈಯೆಲ್ಲಾ ನೋಡಿ, ಮೊಲದ ಗಾಯ ಹೊರಗೆ ಕಾಣದೆ ಒಳಗೇ ಕೀವುಗಟ್ಟುತ್ತದೆ. ಅರ್ಧ ದಿನ ಮೇವು ಮುಟ್ಟದಿದ್ದರೂ ಕಾಯಬೇಡಿ, ವೈದ್ಯರಲ್ಲಿಗೆ ಓಡಿ. ಮನೆಯಲ್ಲಿ ಉಳಿದ ಆಂಟಿಬಯಾಟಿಕ್ ಮಾತ್ರೆಯನ್ನು ಅರೆದು ಕೊಡುವುದಂತೂ ಕೂಡದು. ನಮಗೆ ಒಗ್ಗುವ ಅಮಾಕ್ಸಿಸಿಲಿನ್ ಮೊಲದ ಹೊಟ್ಟೆಗೆ ಹೋದರೆ ಪ್ರಾಣವನ್ನೇ ತೆಗೆಯಬಹುದು. ಎರಡೂ ಹೆಣ್ಣೆಂದು ಅಂಗಡಿಯವರು ಹೇಳಿದ್ದನ್ನು ವೈದ್ಯರಿಂದ ಖಚಿತ ಮಾಡಿಕೊಳ್ಳಿ. ಮೊಲ ಗಬ್ಬವಾಗಿ ಸುಮಾರು 31 ದಿನಕ್ಕೆ ಈಯುತ್ತದೆ, ಈದ ದಿನವೇ ಮತ್ತೆ ಗಬ್ಬವಾಗಬಲ್ಲದು. ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿದರೆ ಜಗಳ ಬಹುಪಾಲು ತಗ್ಗುತ್ತದೆ. ಆದರೆ ಮೊಲಕ್ಕೆ ಅರಿವಳಿಕೆ ಕೊಟ್ಟು ಅಭ್ಯಾಸವಿರುವ ವೈದ್ಯರೇ ಬೇಕು.

ಆಮೇಲೆ ತಾಳ್ಮೆಯ ಕೆಲಸ. ನಡುವೆ ತಂತಿಬಲೆ, ಮೂಗಿಗೆ ಮೂಗು ಸಿಕ್ಕದಷ್ಟು ಅಂತರ. ಆ ಕಡೆಯ ಬಟ್ಟೆಯನ್ನು ಈ ಕಡೆಗೆ, ಈ ಕಡೆಯದನ್ನು ಆ ಕಡೆಗೆ ಹಾಕುತ್ತಾ ಒಂದರ ವಾಸನೆ ಇನ್ನೊಂದಕ್ಕೆ ರೂಢಿಯಾಗುವಂತೆ ಮಾಡಬೇಕು. ಬಲೆಯ ಎರಡೂ ಬದಿಯಲ್ಲಿ ಒಂದೇ ಹೊತ್ತಿಗೆ ಗರಿಕೆ ಇಡಬೇಕು. ವಾರಗಳು ಕಳೆದ ಮೇಲೆ ಎರಡರದೂ ಅಲ್ಲದ ಜಾಗದಲ್ಲಿ, ಬಚ್ಚಲಮನೆಯಲ್ಲೋ ನೆರೆಯವರ ಕೋಣೆಯಲ್ಲೋ, ಐದು ನಿಮಿಷ ಬಿಡಬೇಕು. ಬಾಲ ನಿಮಿರಿತೋ, ಸುತ್ತತೊಡಗಿದವೋ, ಎತ್ತಿಬಿಡಬೇಕು. ಕೆಲವು ಒಂದಾಗುತ್ತವೆ, ಕೆಲವು ಆಗುವುದೇ ಇಲ್ಲ.

ಇಷ್ಟೆಲ್ಲಾ ಯಾರು ಮಾಡುತ್ತಾರೆ ಎಂದು ಕೇಳಿದವರು ಒಂದು ಅಡ್ಡದಾರಿಯನ್ನೂ ಹೇಳಿಕೊಟ್ಟರು. ಮೊಲ ಸಾಕಿದವರ ನಡುವೆ ಹಿಂದಿನಿಂದ ಇರುವ ಉಪಾಯವಂತೆ. ಎರಡನ್ನೂ ಒಂದೇ ಬುಟ್ಟಿಯಲ್ಲಿ ಹಾಕಿ ಕಾರಿನಲ್ಲಿಟ್ಟು ಕುಲುಕುತ್ತಾ ಸುತ್ತಾಡಿಸಬೇಕು. ಹೆದರಿ ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಮಾಗಡಿ ರಸ್ತೆಯ ಹೊಂಡಗಳಲ್ಲಿ ಒಂದು ಸುತ್ತು ಹಾಕಿದರೆ ಸಾಕು ಎಂದು ನಮ್ಮವರು ನಕ್ಕರು. ನಿಜ, ಅಂಟಿಕೊಳ್ಳುತ್ತವೆ. ನೋಡಿದವರಿಗೆ ಪ್ರೀತಿಯಂತೆಯೇ ಕಾಣುತ್ತದೆ. ಆದರೆ ಅಲ್ಲಿ ಕೂಡಿಸಿದ್ದು ಹೆದರಿಕೆ. ಹೆದರಿಕೆ ಹೋದ ಗಳಿಗೆಯಲ್ಲಿ ಹಳೆಯದು ಹಾಗೆಯೇ ಇರುತ್ತದೆ, ಅಥವಾ ಈ ಹೆದರಿಕೆಯನ್ನೇ ಇನ್ನೊಂದರ ವಾಸನೆಯೊಂದಿಗೆ ಸೇರಿಸಿ ನೆನಪಿಟ್ಟುಕೊಳ್ಳುತ್ತವೆ. ನಾನು ಬುಟ್ಟಿಯನ್ನು ಹೊರಗೆ ತೆಗೆದು ಮತ್ತೆ ಒಳಗಿಟ್ಟೆ.

ಅಂತಹ ಶಾಂತಿಯನ್ನು ನಾನು ಕಂಡಿಲ್ಲವೇ? ಅಪ್ಪನ ಸ್ಕೂಟರ್ ಸದ್ದು ಕೇಳಿದೊಡನೆ ಒಂದಾಗಿ ಪುಸ್ತಕ ಹಿಡಿಯುವ ಮಕ್ಕಳನ್ನು ಹೊಗಳುವ ಮನೆಗಳಿವೆ. ಗುರುಗಳು ಮನೆ ಆಶೀರ್ವದಿಸಲು ಬರುವ ದಿನ ಮಾತ್ರ ಒಂದೇ ಸಾಲಿನಲ್ಲಿ ಮೊಣಕಾಲೂರುವ ಅಣ್ಣತಮ್ಮಂದಿರಿದ್ದಾರೆ. ಕೆಳಗಿನ ಮಹಡಿ ಅಣ್ಣನದು, ಮೇಲಿನದು ತಮ್ಮನದು, ನೀರಿನ ಟ್ಯಾಂಕಿನ ವಿಷಯಕ್ಕೆ ಮಾತು ನಿಂತು ವರ್ಷಗಳಾಗಿರುತ್ತವೆ. ಅವರಿಗೆ ನಾವು ಹೇಳುವ ಬುದ್ಧಿವಾದ ಒಂದೇ: ಏನೇ ಆಗಲಿ, ಬೇರೆಯಾಗಬೇಡಿ.

ಆದಿಕಾಂಡದ ಹದಿಮೂರನೆಯ ಅಧ್ಯಾಯವನ್ನು ಈ ಬಾರಿ ತೆರೆದು ಓದಿದೆ. ಅಬ್ರಾಮನ ದನಕಾಯುವವರಿಗೂ ಲೋಟನ ದನಕಾಯುವವರಿಗೂ ಜಗಳ. ಅಲ್ಲಿ ಕಾರಣವನ್ನು ನೇರವಾಗಿ ಹೇಳಿದೆ: ಇಬ್ಬರ ಹಿಂಡೂ ದೊಡ್ಡದು, ಆ ನೆಲ ಇಬ್ಬರಿಗೂ ಸಾಲದು. ಯಾರೂ ಕೆಟ್ಟವರಲ್ಲ, ಜಾಗ ಚಿಕ್ಕದು. ವಿಶ್ವಾಸಿಗಳ ತಂದೆಯೆಂದು ನಾವು ಕರೆಯುವ ಅಬ್ರಾಮ ಆಗ ಹೇಗಾದರೂ ಹೊಂದಿಕೊಳ್ಳೋಣ ಎನ್ನಲಿಲ್ಲ. ನಾವು ಬಂಧುಗಳು, ಜಗಳ ಬೇಡ, ಆದ್ದರಿಂದ ಬೇರೆಯಾಗೋಣ ಎಂದ. ಬಂಧುಗಳು ಎಂಬುದೇ ಬೇರೆಯಾಗಲು ಆತ ಕೊಟ್ಟ ಕಾರಣ. ಜಾಗ ಆರಿಸುವ ಅವಕಾಶವನ್ನು ಕಿರಿಯವನಿಗೇ ಬಿಟ್ಟ. ಲೋಟ ಜೋರ್ಡನ್ ನದಿಯ ಹಸಿರು ಬಯಲನ್ನು ಹಿಡಿದ. ಮುಂದಿನ ಅಧ್ಯಾಯದಲ್ಲಿ ಲೋಟ ಸೆರೆಯಾದಾಗ 318 ಆಳುಗಳನ್ನು ಕಟ್ಟಿಕೊಂಡು ಹೋಗಿ ಬಿಡಿಸಿ ತಂದವನೂ ಅಬ್ರಾಮನೇ. ಪೌಲ, ಬಾರ್ನಬರೂ ಹಾಗೆಯೇ. ಮಾರ್ಕನನ್ನು ಕರೆದೊಯ್ಯಬೇಕೋ ಬೇಡವೋ ಎಂದು ಬಿರುಸಿನ ವಾದವಾಗಿ ಬೇರೆ ಬೇರೆ ದಾರಿ ಹಿಡಿದರು. ಒಬ್ಬರು ಸೈಪ್ರಸ್ಸಿಗೆ, ಇನ್ನೊಬ್ಬರು ಸಿರಿಯದ ಕಡೆಗೆ. ಪ್ರೇಷಿತರ ಕಾರ್ಯಕಲಾಪಗಳಲ್ಲಿ ಅದನ್ನು ಮುಚ್ಚಿಟ್ಟಿಲ್ಲ. ಮುಂದೆ ತಿಮೊಥೇಯನಿಗೆ ಬರೆದ ಎರಡನೆಯ ಪತ್ರದಲ್ಲಿ, ಮಾರ್ಕನನ್ನು ಕರೆದುಕೊಂಡು ಬಾ, ಅವನಿಂದ ನನಗೆ ಉಪಯೋಗವಿದೆ ಎಂಬರ್ಥದ ಮಾತಿದೆ. ನಡುವೆ ಎಷ್ಟೋ ವರ್ಷಗಳು ಕಳೆದಿದ್ದವು.

ಮನುಷ್ಯರು ಮೊಲಗಳಲ್ಲ, ನಿಜ. ಮೊಲಕ್ಕೆ ಆತ್ಮಶೋಧನೆಯಿಲ್ಲ, ಕ್ಷಮೆ ಕೇಳುವ ಬಾಯಿಯಿಲ್ಲ. ನಮಗಿದೆ, ಆದ್ದರಿಂದ ನಮ್ಮಿಂದ ಹೆಚ್ಚನ್ನು ಕೇಳಬಹುದು. ಸಣ್ಣ ಮಾತಿಗೆ ಮನೆ ಮುರಿಯುವವರಿಗೆ ಈ ಲೇಖನ ನೆಪವಾಗದಿರಲಿ. ಆದರೆ ಕ್ಷಮೆ ಕೇಳಬೇಕಾದವನು ಕೇಳದೆ ಕೈ ಎತ್ತುತ್ತಲೇ ಇದ್ದಾಗ?

ಕೆಲವು ವರ್ಷಗಳ ಹಿಂದೆ ನಮ್ಮ ಬೀದಿಯ ಒಬ್ಬಳು ರಾತ್ರಿ ಮಗುವನ್ನೆತ್ತಿಕೊಂಡು ನಮ್ಮ ಮನೆಗೆ ಬಂದಿದ್ದಳು. ತುಟಿ ಒಡೆದಿತ್ತು. ಕಾಫಿ ಮಾಡಿ ಕೊಟ್ಟೆ, ಕೂರಿಸಿ ಜಪಸರ ಪ್ರಾರ್ಥನೆ ಹೇಳಿದೆವು, ಬೆಳಗಾಗುವ ಮೊದಲು ನಾನೇ ಆಕೆಯ ಮನೆ ಬಾಗಿಲವರೆಗೆ ಹೋಗಿ ಬಿಟ್ಟು ಬಂದೆ. "ಹೊಂದಿಕೊಂಡು ಹೋಗಮ್ಮ, ಎಲ್ಲಾ ಸರಿಹೋಗುತ್ತೆ" ಎಂದಿದ್ದೆ. ಆಗಲೂ ಒಳಗೆ ಸ್ವಲ್ಪ ಹೊತ್ತು ಸದ್ದಾಗಿ ಸುಮ್ಮನಾಯಿತು, ಆಗಲೂ ನಾನು ನೆಮ್ಮದಿಯಿಂದ ಮನೆಗೆ ಬಂದೆ. ಹೆಂಗಸನ್ನು ಮೊಲಕ್ಕೆ ಹೋಲಿಸಿದಳೆಂದು ಕೋಪಿಸಿಕೊಳ್ಳಬೇಡಿ. ನಾನು ಹೋಲಿಸುತ್ತಿರುವುದು ಎರಡು ರಾತ್ರಿಗಳ ನನ್ನನ್ನು.

ನಮ್ಮ ಧರ್ಮಸಭೆ ಹಾಗೆ ಕಳುಹಿಸೆಂದು ಹೇಳಿರಲಿಲ್ಲ, ಹೇಳುವುದೂ ಇಲ್ಲ. 1983ರ ಧರ್ಮಸಭಾ ಕಾನೂನು ಸಂಹಿತೆಯ 1153ನೆಯ ನಿಯಮವನ್ನು ನೋಡಿ. ಗಂಡನಿಂದಾಗಲಿ ಹೆಂಡತಿಯಿಂದಾಗಲಿ ಇನ್ನೊಬ್ಬರ ಅಥವಾ ಮಕ್ಕಳ ದೇಹಕ್ಕೋ ಮನಸ್ಸಿಗೋ ಗಂಭೀರ ಅಪಾಯವಿದ್ದರೆ ಬೇರೆ ವಾಸಿಸಲು ಅದು ನ್ಯಾಯವಾದ ಕಾರಣ. ಧರ್ಮಾಧ್ಯಕ್ಷರ ಅಪ್ಪಣೆಗೆ ಕಾಯುವುದೇ ಅಪಾಯವಾದರೆ ತಾನೇ ಹೊರಟುಬರಬಹುದು. ಕಾರಣ ತೊಲಗಿದ ಮೇಲೆ ಮತ್ತೆ ಕೂಡಿ ಬಾಳಬೇಕೆಂದೂ ಅದೇ ನಿಯಮ ಹೇಳುತ್ತದೆ. ವಿವಾಹದ ಗಂಟು ಬಿಚ್ಚುವುದಿಲ್ಲ, ಗೂಡಿನ ಬಾಗಿಲು ತೆರೆಯುತ್ತದೆ. ಜಗದ್ಗುರು ಫ್ರಾನ್ಸಿಸ್‌ರವರು 2016ರ 'ಅಮೋರಿಸ್ ಲೆತಿತ್ಸಿಯಾ'ದಲ್ಲಿ, ಹಿಂಸೆಯಿಂದ ದುರ್ಬಲರನ್ನು ಪಾರುಮಾಡಲು ಬೇರೆಯಾಗುವುದು ಕೆಲವೊಮ್ಮೆ ನೈತಿಕವಾಗಿ ಅಗತ್ಯವೂ ಆಗುತ್ತದೆ ಎಂದು ತಿಳಿಸಿದರು. ಇವನ್ನು ನಾನು ಓದಿದ್ದು ಮೊಲಕ್ಕೆ ಮದ್ದು ಹಚ್ಚುತ್ತಿದ್ದ ದಿನಗಳಲ್ಲಿ, ಬಹಳ ತಡವಾಗಿ.

ಇನ್ನು, ಒಂದು ಮೊಲಕ್ಕೆ ಇಷ್ಟು ಖರ್ಚು, ಇಷ್ಟು ಆರೈಕೆ ಬೇಕೇ ಎಂಬ ಪ್ರಶ್ನೆ. ಪೂಜೆಯ ನಂತರ ಅಂಗಳದಲ್ಲಿ ಒಬ್ಬರು ನನ್ನನ್ನು ಕೇಳಿಯೇಬಿಟ್ಟರು. 1992ರಲ್ಲಿ ಪ್ರಕಟವಾದ ಧರ್ಮೋಪದೇಶ ಗ್ರಂಥದ 2418ನೆಯ ಪರಿಚ್ಛೇದದಲ್ಲಿ ಎರಡೂ ಮಾತಿವೆ. ಪ್ರಾಣಿಗಳನ್ನು ಸುಮ್ಮನೆ ನರಳಿಸುವುದು ಮನುಷ್ಯನ ಘನತೆಗೆ ತಕ್ಕದ್ದಲ್ಲ; ಬಡವರ ಕಷ್ಟಕ್ಕೆ ಹೋಗಬೇಕಾದ ಹಣವನ್ನು ಪ್ರಾಣಿಗಳ ಮೇಲೆ ಸುರಿಯುವುದೂ ತಕ್ಕದ್ದಲ್ಲ. ಎರಡನೆಯ ಮಾತು ನನಗೆ ಚುಚ್ಚಿತು. ಆದರೂ ನನ್ನ ಅಭಿಪ್ರಾಯ ಹೇಳುತ್ತೇನೆ: ಆ ಲೆಕ್ಕ ಹಾಕಬೇಕಾದದ್ದು ಕೊಳ್ಳುವ ಮೊದಲು. ತಂದ ಮೇಲೆ, ನಾನೇ ಬಾಗಿಲು ಹಾಕಿ ಗಾಯ ಮಾಡಿಸಿದ ಮೇಲೆ, ಅದು ನನ್ನ ಸಾಲ. ಸಾಲ ತೀರಿಸುವಾಗ ಬಡವರ ನೆನಪು ಹೇಳಿ ತಪ್ಪಿಸಿಕೊಳ್ಳುವಂತಿಲ್ಲ. ಆ ವರ್ಷ ಕ್ರಿಸ್ಮಸ್‌ಗೆ ನಾನು ಸೀರೆ ಕೊಳ್ಳಲಿಲ್ಲ, ಅಷ್ಟೇ.

ಬಿಟ್ಟುಬಿಡಿ ಎಂದವರೂ ಇದ್ದರು. ಜ್ಞಾನಭಾರತಿಯ ಆವರಣದಲ್ಲೋ ಕೆಂಗೇರಿ ಆಚೆಯ ತೋಪಿನಲ್ಲೋ ಬಿಟ್ಟರೆ ಹುಲ್ಲು ತಿಂದುಕೊಂಡು ಇರುತ್ತದಂತೆ! ಅಸ್ಸಿಸಿಯ ಸಂತ ಫ್ರಾನ್ಸಿಸರೂ ಹಾಗೆ ಮಾಡಲಿಲ್ಲವೇ ಎಂದು ಒಬ್ಬರು ವಾದಿಸಿದರು. ಸಂತರ ಜೀವನವನ್ನು ಮೊದಲು ಬರೆದ ಚೆಲಾನೊದ ಥಾಮಸರು ಹೇಳುವ ಘಟನೆ ಅದು. ಗ್ರೆಚ್ಚೊ ಎಂಬಲ್ಲಿ ಬೋನಿಗೆ ಸಿಕ್ಕಿದ ಮೊಲವನ್ನು ಸೋದರರೊಬ್ಬರು ತಂದುಕೊಟ್ಟರು. ಸಂತರು ಅದನ್ನು ನೆಲಕ್ಕೆ ಬಿಟ್ಟರೂ ಮತ್ತೆ ಮತ್ತೆ ಅವರ ಮಡಿಲಿಗೇ ಬಂತು. ಕೊನೆಗೆ ಹತ್ತಿರದ ಕಾಡಿಗೆ ಒಯ್ದು ಬಿಡಿಸಿದರು. ಆದರೆ ಅದು ಕಾಡಿನಿಂದ ಬಂದ ಮೊಲ, ಅದರ ಮನೆಗೇ ಅದನ್ನು ಕಳುಹಿಸಿದರು. ನಮ್ಮ ಹತ್ತಿ ಗೂಡಿನಲ್ಲಿ ಹುಟ್ಟಿದ್ದು, ಹಾಲಿನಂತೆ ಬಿಳಿ. ಹದ್ದಿಗೂ ನಾಯಿಗೂ ಒಂದು ಹಗಲು ಸಾಕು. ಸಾಕಿದ ಪ್ರಾಣಿಯನ್ನು ಕಾರಣವಿಲ್ಲದೆ ಬೀದಿಪಾಲು ಮಾಡುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ ಪ್ರಕಾರ ಅಪರಾಧವೂ ಹೌದು. ಒಳ್ಳೆಯ ಮನೆ ಹುಡುಕಿ ಒಂದನ್ನು ಕೊಡುವುದಾದರೆ ಅದು ಬೇರೆ ಮಾತು. ಅದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲವೆಂದು ನನಗನ್ನಿಸುತ್ತದೆ. ನಾವು ಕೊಡಲಿಲ್ಲ, ಮಗಳು ಒಪ್ಪಲಿಲ್ಲ.

ಶಸ್ತ್ರಚಿಕಿತ್ಸೆ ಎರಡಕ್ಕೂ ಆಯಿತು. ಎಂಟು ತಿಂಗಳಾದರೂ ಹತ್ತಿ ಬೆಲ್ಲ ಒಂದಾಗಿಲ್ಲ. ನೆರೆಮನೆಯ ಕೋಣೆಯಲ್ಲಿ ಆರು ಬಾರಿ ಬಿಟ್ಟು ನೋಡಿದೆವು. ಆರನೆಯ ಬಾರಿ ಹತ್ತಿ ನನ್ನ ಸೀರೆಯ ನೆರಿಗೆಯೊಳಗೆ ನುಗ್ಗಿ ನಡುಗಿತು, ಮತ್ತೆ ಪ್ರಯತ್ನಿಸಲಿಲ್ಲ. ಬಾಲ್ಕನಿಯಲ್ಲಿ ನಡುವೆ ಬಲೆಯಿದೆ. ಬೆಲ್ಲಕ್ಕೆ ಬೆಳಗಿನ ಬಿಸಿಲಿನ ಕಡೆ, ಹತ್ತಿಗೆ ಗೋಡೆಯ ಕಡೆ. ಅತ್ತೆ ಈಗಲೂ ದಿನಕ್ಕೊಮ್ಮೆ ಬೆಲ್ಲಕ್ಕೆ "ಎಂಥಾ ಅಕ್ಕ ನೀನು" ಎಂದು ಬೈಯುತ್ತಾರೆ, ಬೈದು ಅದಕ್ಕೇ ಒಂದು ಎಲೆ ಹೆಚ್ಚು ಹಾಕುತ್ತಾರೆ.

ಅಂದು ರಾತ್ರಿ ಬಂದಿದ್ದ ಆಕೆ ಈಗ ಕೆಂಗೇರಿಯಲ್ಲಿ ತಂಗಿಯ ಮನೆಯ ಹತ್ತಿರ ಬೇರೆ ಮನೆ ಮಾಡಿಕೊಂಡಿದ್ದಾಳೆ. ಹೊಲಿಗೆ ಹೊಲಿಯುತ್ತಾಳೆ. ಹೋದ ತಿಂಗಳು ಒಂದು ರವಿಕೆಯ ನೆಪ ಮಾಡಿಕೊಂಡು ಹೋಗಿದ್ದೆ, ಕ್ಷಮೆ ಕೇಳಬೇಕೆಂದು. ಕೇಳಿದೆ. ಆಕೆ ಬಹಳ ಹೊತ್ತು ಹೊಲಿಗೆ ಯಂತ್ರದ ಚಕ್ರದ ಮೇಲೆ ಕೈಯಿಟ್ಟುಕೊಂಡು ಕುಳಿತಿದ್ದಳು. "ಆಗ ನಿಮಗೆ ಗೊತ್ತಿರಲಿಲ್ಲ ಅಕ್ಕಾ" ಎಂದಳು. ಆಮೇಲೆ, "ನನಗೆ ಗೊತ್ತಿತ್ತು" ಎಂದಳು. ರವಿಕೆಯನ್ನು ಬರುವ ಶನಿವಾರ ಕೊಡುತ್ತಾಳೆ.